ಕಾಪಿರೈಟ್‌ಎಕ್ಸ್ ಮತ್ತು ನಮ್ಮ ಭಾಷಾಂತರದ ಹಕ್ಕು

ನೌಕರಿ ಬಿಡದೆ ಅಂತರರಾಷ್ಟ್ರೀಯ ಕಾಪಿರೈಟ್ ಕಾನೂನು ಓದಬೇಕು, ದಾರಿ ಯಾವುದು ಎಂದು ಹುಬ್ಬಳ್ಳಿ-ಧಾರವಾಡದಲ್ಲಿ ಕೇಳಿದವರಿಗೆ ನಾನು ಕಂಡಂತೆ ಮೊದಲು ಸಿಗುವ ಉತ್ತರ ಹಾರ್ವರ್ಡ್ ಕಾನೂನು ಶಾಲೆಯ ಕಾಪಿರೈಟ್‌ಎಕ್ಸ್. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ದೂರಶಿಕ್ಷಣ ಡಿಪ್ಲೊಮಾ, ಇಗ್ನೋ ಡಿಪ್ಲೊಮಾ, ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ (ವೈಪೊ) ಅಕಾಡೆಮಿಯ ಡಿಎಲ್-101, ಡಿಎಲ್-201 ಇವೆಲ್ಲ ಆಮೇಲಿನ ಹೆಸರುಗಳು. ಕಿರಿಯ ವಕೀಲರು, ಪುಸ್ತಕ ಪ್ರಕಾಶನದ ಮಂದಿ, ಜಾನಪದ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಏರಿಸುವ ಸ್ಟುಡಿಯೊದವರು, ಎಲ್ಲರೂ ಹಾರ್ವರ್ಡ್ ಹೆಸರನ್ನು ಒಂದು ನಿಶ್ಚಿಂತೆಯಿಂದ ಹೇಳುತ್ತಾರೆ. ಅದನ್ನು ಮುಗಿಸಿದರೆ ಜಗತ್ತಿನ ಕಾಪಿರೈಟ್ ಕಾನೂನು ಕೈಗೆ ಬಂದಂತೆಯೇ ಎಂಬ ನಂಬಿಕೆ ಅದರ ಹಿಂದಿದೆ. ಆ ನಂಬಿಕೆ ತಪ್ಪು ಎಂದು ವಾದಿಸುವುದು ಈ ಬರಹದ ಕೆಲಸ.

ಕೋರ್ಸಿನ ಗುಣವನ್ನು ಮೊದಲೇ ಒಪ್ಪುತ್ತೇನೆ. ಹಾರ್ವರ್ಡ್ ಪ್ರಾಧ್ಯಾಪಕ ವಿಲಿಯಂ ಫಿಶರ್ 2013ರಲ್ಲಿ ಇದನ್ನು ಶುರು ಮಾಡಿದರು. ಹನ್ನೆರಡು ವಾರ, ಹನ್ನೆರಡು ಉಪನ್ಯಾಸ. ಪ್ರತಿ ಉಪನ್ಯಾಸವೂ ತುಂಡು ತುಂಡಾಗಿ ಕೇಳಬಹುದಾದ ವಿಡಿಯೊ. ಇಪ್ಪತ್ತೈದು ಜನರ ಗುಂಪು ಮಾಡಿ ವಾರಕ್ಕೊಮ್ಮೆ ನೇರ ಚರ್ಚೆ, ಕೊನೆಗೆ ಮನೆಯಲ್ಲಿ ಕೂತು ಬರೆಯುವ ಪರೀಕ್ಷೆ. ಶುಲ್ಕವಿಲ್ಲ. ಕೋರ್ಸಿಗೆ ಸೇರದವರಿಗೂ ವಿಡಿಯೊಗಳು ಮುಕ್ತವಾಗಿವೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಓಡಾಡುವ ಗುಮಾಸ್ತನೊಬ್ಬ ಕಿವಿಗೆ ಇಯರ್‌ಫೋನ್ ಹಚ್ಚಿಕೊಂಡು ಇದನ್ನು ಪೂರ್ತಿ ಕೇಳಬಲ್ಲ. ಕೆಲಸದ ನಡುವೆ ಓದುವವರ ಪುರುಸೊತ್ತನ್ನು ಇಷ್ಟು ಗೌರವದಿಂದ ಕಂಡ ಕಾನೂನು ಪಾಠ ನಮ್ಮ ಯಾವ ವಿಶ್ವವಿದ್ಯಾಲಯದಿಂದಲೂ ಬಂದದ್ದನ್ನು ನಾನು ನೋಡಿಲ್ಲ. ಹಕ್ಕುಸ್ವಾಮ್ಯ ಯಾಕಿರಬೇಕು ಎಂಬುದಕ್ಕೆ ಫಿಶರ್ ಇಡುವ ನಾಲ್ಕು ಬಗೆಯ ಸಮರ್ಥನೆಗಳು, ಅಂದರೆ ದುಡಿದವರಿಗೆ ನ್ಯಾಯ, ಕರ್ತೃವಿನ ವ್ಯಕ್ತಿತ್ವ, ಸಮಾಜದ ಒಟ್ಟು ಹಿತ, ಸಂಸ್ಕೃತಿಯ ಬೆಳವಣಿಗೆ, ಕಾನೂನನ್ನು ಕಲಂಗಳ ಪಟ್ಟಿ ಎಂದುಕೊಂಡವರ ಕಣ್ಣು ತೆರೆಸುತ್ತವೆ.

ಆದರೆ ಇದರ ಬೆನ್ನೆಲುಬು ಅಮೆರಿಕದ ಕಾನೂನು. ಫಿಶರ್ ಬೇರೆ ದೇಶಗಳ ಕಡೆಗೂ ತಿರುಗುತ್ತಾರೆ, ಒಪ್ಪಂದಗಳ ಮಾತೂ ಬರುತ್ತದೆ. ಆದರೂ ವಿಚಾರ ನಿಲ್ಲುವುದು 1991ರ ಫೈಸ್ಟ್, 1994ರ ಕ್ಯಾಂಪ್‌ಬೆಲ್ ತರಹದ ಅಮೆರಿಕನ್ ತೀರ್ಪುಗಳ ಮೇಲೆ. ಉಪನ್ಯಾಸಗಳ ಶೀರ್ಷಿಕೆಗಳನ್ನು ಓದಿಕೊಂಡು ಹೋಗಿ: ಅಡಿಪಾಯ, ವಿಷಯವಸ್ತು, ಕರ್ತೃತ್ವ, ನಕಲು ಮಾಡುವ ಮತ್ತು ಮಾರ್ಪಡಿಸುವ ಹಕ್ಕು, ಪರಿಹಾರ. ಫೇರ್ ಯೂಸ್‌ಗೆ ಒಂದು ಇಡೀ ವಾರವಿದೆ. ಹನ್ನೆರಡರಲ್ಲಿ ಭಾಷಾಂತರದ ಹೆಸರು ಹೊತ್ತದ್ದು ಒಂದೂ ಇಲ್ಲ. ಅಮೆರಿಕದ ಕಣ್ಣಿಗೆ ಭಾಷಾಂತರ ‘ಮಾರ್ಪಾಡು’ ಎಂಬ ದೊಡ್ಡ ಹಕ್ಕಿನ ಒಂದು ಬಗೆ. ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಹುಟ್ಟಿಸಿ ಹೊರಕ್ಕೆ ಮಾರುವ ದೇಶಕ್ಕೆ ಅಷ್ಟು ಸಾಕು. ಪುಸ್ತಕಗಳನ್ನು ಒಳಕ್ಕೆ ತಂದುಕೊಳ್ಳುವ ಭಾಷೆಗೆ ಅಂತರರಾಷ್ಟ್ರೀಯ ಕಾಪಿರೈಟ್ ಎಂದರೆ ಮುಖ್ಯವಾಗಿ ಭಾಷಾಂತರದ ಹಕ್ಕೇ.

ಫೇರ್ ಯೂಸ್ ಪಾಠ ನಮ್ಮವರಿಗೆ ಎಷ್ಟು ಮೋಡಿ ಮಾಡುತ್ತದೆಯೋ ಅಷ್ಟೇ ದಾರಿ ತಪ್ಪಿಸುತ್ತದೆ. ಅಮೆರಿಕದಲ್ಲಿ ನ್ಯಾಯಾಧೀಶರು ನಾಲ್ಕು ಅಂಶಗಳನ್ನು ತೂಗಿ, ಪಟ್ಟಿಯಲ್ಲಿಲ್ಲದ ಬಳಕೆಯನ್ನೂ ನ್ಯಾಯಯುತವೆನ್ನಬಹುದು. ನಮ್ಮ 1957ರ ಕಾಯ್ದೆಯ ಕಲಂ 52 ಅಂಥ ಬಾಗಿಲನ್ನು ಇಡಲಿಲ್ಲ; ಅದು ಒಂದೊಂದಾಗಿ ಹೆಸರಿಸಿದ ವಿನಾಯಿತಿಗಳ ಪಟ್ಟಿ. ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡ ಮೇಲೆ ಅವರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕು ಯಾರದು ಎಂಬ ವ್ಯಾಜ್ಯ ಉಡುಪಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಕಾಡೆಮಿ ಆಫ್ ಜನರಲ್ ಎಜುಕೇಷನ್ ವಿರುದ್ಧ ಮಾಲಿನಿ ಮಲ್ಯ ಪ್ರಕರಣದಲ್ಲಿ 2009ರ ಜನವರಿಯಲ್ಲಿ ಬಂದ ತೀರ್ಪು ಉಯಿಲಿನ ಪ್ರಕಾರ ಹಕ್ಕು ಯಾರಿಗೆ ಸಂದಿತೆಂದು ಹೇಳಿತು. ಜೊತೆಗೆ, ಕಲಂ 52ರ (ಎ), (ಐ), (ಎಲ್) ಉಪಖಂಡಗಳ ಒಳಗೆ ಬರುವ ಪ್ರದರ್ಶನಕ್ಕೆ ಸಂಸ್ಥೆಗೆ ಅಡ್ಡಿಯಿಲ್ಲ ಎಂದಿತು. ನಾಲ್ಕು ಅಂಶಗಳ ತಕ್ಕಡಿ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಅಕ್ಷರ ಅಕ್ಷರವಾಗಿ ಓದಬೇಕಾದ ಉಪಖಂಡಗಳು ಬಂದವು. ದೆಹಲಿ ವಿಶ್ವವಿದ್ಯಾಲಯದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ವಿರುದ್ಧ ಆಕ್ಸ್‌ಫರ್ಡ್ ಮೊದಲಾದ ಪ್ರಕಾಶಕರು ಹೂಡಿದ ದಾವೆಯೂ 2016ರಲ್ಲಿ ತೀರ್ಮಾನವಾದದ್ದು ಅಂಥದ್ದೇ ಒಂದು ಉಪಖಂಡದ ಮೇಲೆ: ‘ಬೋಧನೆಯ ಸಂದರ್ಭದಲ್ಲಿ’ ಎಂದರೆ ತರಗತಿಯ ಗೋಡೆಯೊಳಗೆ ಮಾತ್ರವೇ, ಇಡೀ ಕಲಿಕೆಯ ಅವಧಿಯೇ? ದೆಹಲಿ ಹೈಕೋರ್ಟ್ ಎರಡನೆಯದನ್ನು ಎತ್ತಿಹಿಡಿಯಿತು. ಕಾಪಿರೈಟ್‌ಎಕ್ಸ್ ಮಾತ್ರ ಓದಿಬಂದವರು ಈ ಎರಡೂ ತೀರ್ಪುಗಳ ಮುಂದೆ ಬರಿಗೈಯಲ್ಲಿ ನಿಲ್ಲುತ್ತಾರೆ.

ಒಂದು ಕಡೆ ಮಾತ್ರ ಅಮೆರಿಕದ ಪಾಠ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಉತ್ತರ ಕರ್ನಾಟಕದ ಜಾನಪದ ಗಾಯಕರ ವಿಡಿಯೊ ಯೂಟ್ಯೂಬಿನಿಂದ ಮಾಯವಾದಾಗ ಅದರ ಹಿಂದೆ ಇರುವುದು ಅಮೆರಿಕದ 1998ರ ಡಿಎಂಸಿಎ ಪ್ರಕ್ರಿಯೆ. ನಮ್ಮ ಕಲಂ 52(1)(ಸಿ)ಯ ಪ್ರಕಾರ ದೂರು ಬಂದ ಮೇಲೆ ತಡೆಹಿಡಿಯುವ 21 ದಿನಗಳ ಲೆಕ್ಕ ಗೊತ್ತಿದ್ದರೂ ಸಾಲದು. ಹುಬ್ಬಳ್ಳಿಯ ಸ್ಟುಡಿಯೊದವರಿಗೆ ಕಾಪಿರೈಟ್‌ಎಕ್ಸ್ ಖರೆಯಾಗಿ ನೆರವಾಗುವುದು ಇಲ್ಲಿ.

ಇನ್ನು ನನ್ನ ಮುಖ್ಯ ತಕರಾರು. ಕಾಪಿರೈಟಿನ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ 1971ರಲ್ಲಿ ಪ್ಯಾರಿಸ್ಸಿನಲ್ಲಿ ಜೋಡಿಸಿದ ಅನುಬಂಧವೊಂದಿದೆ. ನಾನು ಓದಿದ, ಕೇಳಿದ ದೂರಶಿಕ್ಷಣ ಪಾಠಗಳಲ್ಲಿ ಅದು ಸಿಕ್ಕರೆ ಒಂದು ಪ್ಯಾರಾದಲ್ಲಿ ಸಿಗುತ್ತದೆ: ಅಭಿವೃದ್ಧಿಶೀಲ ದೇಶಗಳಿಗೆ ಕೆಲವು ರಿಯಾಯಿತಿಗಳು, ಮುಂದಿನ ವಿಷಯ. ಕನ್ನಡದವರ ಮಟ್ಟಿಗೆ ಇಡೀ ಬರ್ನ್ ಒಪ್ಪಂದದಲ್ಲಿ ಅದಕ್ಕಿಂತ ಮುಖ್ಯವಾದ ಪುಟಗಳಿಲ್ಲ.

ಒಪ್ಪಂದದ 8ನೇ ವಿಧಿ ಭಾಷಾಂತರದ ಹಕ್ಕನ್ನು ಮೂಲಲೇಖಕನಿಗೆ ಕೊಡುತ್ತದೆ. ಅನುಬಂಧದ 2ನೇ ವಿಧಿ ಆ ಹಕ್ಕಿಗೆ ಒಂದು ಕಿಂಡಿ ಇಟ್ಟಿದೆ. ಬೋಧನೆ, ವಿದ್ವತ್ತು, ಸಂಶೋಧನೆಗಾಗಿ ಬೇಕಾದ ಪುಸ್ತಕ ಪ್ರಕಟವಾಗಿ ಮೂರು ವರ್ಷವಾದರೂ ಬೇಕಾದ ಭಾಷೆಗೆ ಬಂದಿರದಿದ್ದರೆ ಅಭಿವೃದ್ಧಿಶೀಲ ದೇಶದ ಪ್ರಜೆ ಕಡ್ಡಾಯ ಪರವಾನಗಿ ಕೇಳಬಹುದು. ಯಾವ ಮುಂದುವರಿದ ದೇಶದಲ್ಲೂ ಸಾಮಾನ್ಯ ಬಳಕೆಯಲ್ಲಿಲ್ಲದ ಭಾಷೆಯಾದರೆ ಮೂರು ವರ್ಷ ಒಂದಕ್ಕೆ ಇಳಿಯುತ್ತದೆ. ನಮ್ಮ ಸಂಸತ್ತು 1983ರ ತಿದ್ದುಪಡಿಯಲ್ಲಿ ಇದನ್ನು ಕಲಂ 32(1ಎ) ಎಂದು ಸೇರಿಸಿತು. ಒಂದು ವರ್ಷದ ಮಾತು ಅದರ ಪರಂತುಕದಲ್ಲಿದೆ. ಕನ್ನಡ, ತುಳು, ಕೊಂಕಣಿ ಎಲ್ಲಕ್ಕೂ ಅದು ಅನ್ವಯಿಸುತ್ತದೆ. ಪೋರ್ಚುಗೀಸಿಗೋ ಫ್ರೆಂಚಿಗೋ ಅನ್ವಯಿಸುವುದಿಲ್ಲ. ಅಂತರರಾಷ್ಟ್ರೀಯ ಕಾನೂನು ನಮ್ಮಂಥ ಭಾಷೆಗಳನ್ನು ದೊಡ್ಡ ಭಾಷೆಗಳಿಂದ ಬೇರೆಯಾಗಿ ಗುರುತಿಸಿ, ಅವಕ್ಕೆ ಬೇಗ ದಾರಿ ಬಿಟ್ಟುಕೊಟ್ಟ ಅಪರೂಪದ ಜಾಗ ಇದು. ಇದನ್ನು ಒಂದು ಪ್ಯಾರಾದಲ್ಲಿ ದಾಟಿಹೋಗುವ ಪಾಠ ನಮಗಾಗಿ ಬರೆದದ್ದಲ್ಲ.

ಕಿಂಡಿ ಇದೆ ಎಂದರೆ ನುಗ್ಗುವುದು ಸುಲಭ ಎಂದಲ್ಲ. ಕಷ್ಟವನ್ನು ಹಂತ ಹಂತವಾಗಿ ಕಲಿಸಬೇಕು. ಮೊದಲು ಹಕ್ಕುದಾರರಿಗೆ ಕೇಳಬೇಕು; ಅವರು ಒಪ್ಪಲಿಲ್ಲ ಅಥವಾ ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದು ತೋರಿಸಬೇಕು. ಸಿಗದಿದ್ದರೆ ಪುಸ್ತಕದ ಮೇಲೆ ಹೆಸರಿರುವ ಪ್ರಕಾಶಕರಿಗೆ ಕೋರಿಕೆಯ ಪ್ರತಿಯನ್ನು ರಿಜಿಸ್ಟರ್ಡ್ ಏರ್‌ಮೇಲ್‌ನಲ್ಲಿ ಕಳಿಸಬೇಕು. ಒಂದು ವರ್ಷದ ದಾರಿ ಹಿಡಿದವರು ಕೋರಿಕೆಯ ದಿನದಿಂದ ಒಂಬತ್ತು ತಿಂಗಳು ತಾಳಬೇಕು, ಮೂರು ವರ್ಷದ ದಾರಿಯವರು ಆರು ತಿಂಗಳು. ಆ ಅವಧಿಯಲ್ಲಿ ಹಕ್ಕುದಾರರೇ ಕನ್ನಡ ಅನುವಾದ ತಂದರೆ ಅರ್ಜಿ ಬಿದ್ದುಹೋಗುತ್ತದೆ. ಪರವಾನಗಿ ಬಂದ ಮೇಲೂ ಅವರು ಹೋಲುವ ಬೆಲೆಗೆ ತಮ್ಮ ಅನುವಾದ ಹೊರತಂದರೆ ಅದು ರದ್ದು. ಅದಾಗಲೇ ಅಚ್ಚಾದ ಪ್ರತಿಗಳನ್ನು ಮಾತ್ರ ಮಾರಿ ಮುಗಿಸಬಹುದು. ಲೇಖಕರಿಗೆ ನ್ಯಾಯವಾದ ಸಂಭಾವನೆ ಕೊಡಲೇಬೇಕು. ಪ್ರತಿಗಳು ದೇಶದ ಹೊರಗೆ ಹೋಗುವಂತಿಲ್ಲ. ವಿದೇಶದಲ್ಲಿರುವ ನಮ್ಮ ಪ್ರಜೆಗಳಿಗೆ, ಓದಿಗಾಗಿ, ಲಾಭವಿಲ್ಲದೆ, ಆ ದೇಶದ ಒಪ್ಪಿಗೆಯಿಂದ ಕಳಿಸುವುದಕ್ಕೆ ಮಾತ್ರ ಅನುಬಂಧ ಸಣ್ಣ ವಿನಾಯಿತಿ ಕೊಡುತ್ತದೆ. ಪರವಾನಗಿ ಕೊಡುವ ಅಧಿಕಾರ ಮೊದಲು ಕಾಪಿರೈಟ್ ಮಂಡಳಿಯಲ್ಲಿತ್ತು, 2017ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ (ಐಪಿಎಬಿ) ಹೋಯಿತು, 2021ರಲ್ಲಿ ಐಪಿಎಬಿ ರದ್ದಾದಾಗ ನ್ಯಾಯಾಲಯಗಳಿಗೆ ಬಂತು. ಈ ಪ್ರತಿ ಹೆಜ್ಜೆಯಲ್ಲೂ ಧಾರವಾಡದ ಭಾಷಾಂತರಕಾರರೊಬ್ಬರು ಎಡವಬಹುದು. ಅಂದಮೇಲೆ ದೂರಶಿಕ್ಷಣದ ಒಂದು ವಾರವನ್ನು ಇದಕ್ಕಲ್ಲದೆ ಯಾವುದಕ್ಕೆ ಕೊಡಬೇಕು?

ಇದರ ಪಕ್ಕದಲ್ಲೇ ಕಲಂ 32(1) ಇದೆ. ಸಾಹಿತ್ಯ ಅಥವಾ ನಾಟಕ ಕೃತಿ ಮೊದಲು ಪ್ರಕಟವಾಗಿ ಏಳು ವರ್ಷವಾದರೂ ಆ ಭಾಷೆಗೆ ಅನುವಾದ ಬರದಿದ್ದರೆ, ಅಥವಾ ಬಂದದ್ದು ಮಾರುಕಟ್ಟೆಯಲ್ಲಿ ಸಿಗದಂತಾಗಿದ್ದರೆ, ಪರವಾನಗಿ ಕೇಳಲು ಅವಕಾಶ. ಮರಾಠಿಯ ಕಾದಂಬರಿ, ತೆಲುಗಿನ ನಾಟಕ ಕನ್ನಡಕ್ಕೆ ಬರುವ ದಾರಿ ಇದು. ಕಲಂ 32(5) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಬೋಧನೆಗಾಗಿ ಪ್ರಸಾರ ಮಾಡಲು ಪ್ರಸಾರ ಸಂಸ್ಥೆಯೂ ಅನುವಾದದ ಪರವಾನಗಿ ಕೇಳಬಹುದು. 1950ರಿಂದ ಧಾರವಾಡದಲ್ಲಿ ಬಾನುಲಿ ಕೇಂದ್ರವಿದೆ. ಶೈಕ್ಷಣಿಕ ಪ್ರಸಾರದ ಇಂಥ ಅವಕಾಶವನ್ನು ಯಾವ ಕೋರ್ಸೂ ನನಗೆ ತೋರಿಸಿಕೊಡಲಿಲ್ಲ. ಕಾಯ್ದೆಯ ಪುಸ್ತಕವನ್ನೇ ಕುಳಿತು ಓದಿದಾಗ ಕಣ್ಣಿಗೆ ಬಿತ್ತು.

ಭಾಷಾಂತರದ ಹಕ್ಕಿನ ಇತಿಹಾಸ ನಮಗೆ ಇನ್ನೂ ಹತ್ತಿರದ್ದು. 1895ರಲ್ಲಿ ಮುಂಬಯಿ ಹೈಕೋರ್ಟ್ ಮ್ಯಾಕ್‌ಮಿಲನ್ ವಿರುದ್ಧ ಜಕಾ ಪ್ರಕರಣದಲ್ಲಿ ಇಂಗ್ಲಿಷ್ ಪಠ್ಯಗಳ ಉರ್ದು ಭಾಷಾಂತರ ಹಕ್ಕಿನ ಉಲ್ಲಂಘನೆಯಲ್ಲ ಎಂದು ತೀರ್ಪಿತ್ತಿತು. ಧಾರವಾಡ ಆಗ ಆ ಹೈಕೋರ್ಟಿನ ವ್ಯಾಪ್ತಿಯಲ್ಲೇ ಇತ್ತು. ಆಮೇಲೆ ಬಂದ 1914ರ ಭಾರತೀಯ ಕಾಪಿರೈಟ್ ಕಾಯ್ದೆ ಬ್ರಿಟನ್ನಿನ 1911ರ ಕಾಯ್ದೆಯನ್ನು ಇದ್ದಂತೆ ತಂದುಕೊಳ್ಳಲಿಲ್ಲ. ಅದರ 4ನೇ ಕಲಂ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ಮೊದಲು ಪ್ರಕಟವಾದ ಕೃತಿಯ ಭಾಷಾಂತರದ ಹಕ್ಕು ಹತ್ತೇ ವರ್ಷ. ಅಷ್ಟರಲ್ಲಿ ಲೇಖಕ ಯಾವ ಭಾಷೆಗೆ ಅನುವಾದ ಮಾಡಿಸಿದನೋ ಆ ಭಾಷೆಯ ಮಟ್ಟಿಗೆ ಮಾತ್ರ ಹಕ್ಕು ಮುಂದುವರಿಯುತ್ತದೆ. ಉಳಿದ ಭಾಷೆಗಳಿಗೆ ಬಾಗಿಲು ತೆರೆಯುತ್ತದೆ. 1957ರ ಕಾಯ್ದೆ ಜಾರಿಗೆ ಬರುವ ತನಕ ಈ ನಿಯಮವಿತ್ತು. ಆಗಿನ ಧಾರವಾಡ ಜಿಲ್ಲೆಯ ಗಳಗನಾಥರು (1869–1942) ಹರಿನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಕಾಲದ ಕಾನೂನಿನ ಹವೆ ಇಂಥದ್ದು. ಉತ್ತರ ಕರ್ನಾಟಕದಲ್ಲಿ ಕಾದಂಬರಿ ಓದುವ ರೂಢಿ ಬೆಳೆದದ್ದು ಭಾಷಾಂತರಕ್ಕೆ ಕಾನೂನು ಸಡಿಲವಿದ್ದಾಗ ಎಂಬುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಬರೆಯಬೇಕಾದ ಮಾತು. ವಸಾಹತು ಕಾಲದ ಈ ಕಥೆಯನ್ನು ಕೇಂಬ್ರಿಜ್ಜಿನ ಲಯೊನೆಲ್ ಬೆಂಟ್ಲಿ 2007ರ ಲೇಖನವೊಂದರಲ್ಲಿ ವಿವರವಾಗಿ ಬಿಡಿಸಿಟ್ಟಿದ್ದಾರೆ. ಕೇಂಬ್ರಿಜ್ಜಿನಲ್ಲಿ ಬರೆಯಲು ಸಾಧ್ಯವಾದದ್ದನ್ನು ಧಾರವಾಡದಲ್ಲಿ ಕಲಿಸಲು ಏನಡ್ಡಿ?

ಭಾಷಾಂತರಕ್ಕೆ ಕೊಟ್ಟ ಸಡಿಲಿಕೆ ಹಿಂದುಳಿದವರ ರಿಯಾಯಿತಿ ಎಂದು ಮೂಗು ಮುರಿಯುವವರಿಗೂ ಇತಿಹಾಸದಲ್ಲಿ ಉತ್ತರವಿದೆ. ಜಪಾನ್ ಹತ್ತು ವರ್ಷದ ಭಾಷಾಂತರ ನಿಯಮವನ್ನು 1980ರ ಕೊನೆಯವರೆಗೆ ಬಿಡಲಿಲ್ಲ. ಅಮೆರಿಕ 1891ರ ತನಕ ಪರದೇಶದ ಲೇಖಕರಿಗೆ ಹಕ್ಕನ್ನೇ ಕೊಡಲಿಲ್ಲ, ಬರ್ನ್ ಒಕ್ಕೂಟ ಸೇರಿದ್ದು 1989ರ ಮಾರ್ಚಿನಲ್ಲಿ. ಭಾರತ ಅಲ್ಲಿ 1928ರಿಂದ ಇದೆ. ಒಪ್ಪಂದದೊಳಗೆ ಆರು ದಶಕ ತಡವಾಗಿ ಬಂದ ದೇಶದ ಕೋರ್ಸಿನಿಂದ ಆ ಒಪ್ಪಂದದ ಚರಿತ್ರೆ ಕಲಿಯುತ್ತೇವೆಂದರೆ, ಅದು ಯಾವ ಕೋನದಿಂದ ಹೇಳಿದ್ದೆಂದು ತಿಳಿದೇ ಕಲಿಯಬೇಕು.

ಇಲ್ಲಿ ನನ್ನ ಜಗಳ ಹಾರ್ವರ್ಡ್‌ಗಿಂತ ಹೆಚ್ಚಾಗಿ ನಮ್ಮ ವಿದ್ವಾಂಸರ ಜೊತೆ. ‘ಅನುಬಂಧ ಸತ್ತ ಕಾನೂನು, ಯಾರೂ ಬಳಸಲಿಲ್ಲ, ಕಲಿಸಿ ಏನು ಮಾಡುವುದು’ ಎಂಬ ಮಾತು ಬೌದ್ಧಿಕ ಆಸ್ತಿಯ ವಿಚಾರಸಂಕಿರಣಗಳಲ್ಲಿ ಹಲವು ಸಲ ಕೇಳಿದ್ದೇನೆ. ಅದಕ್ಕೆ ದೊಡ್ಡವರ ಬೆಂಬಲವೂ ಇದೆ. ಹಾರ್ವರ್ಡ್‌ನಲ್ಲೇ ಕಲಿಸಿದ ರೂತ್ ಒಕೆಡಿಜಿ ಅನುಬಂಧದ ತೊಡಕುಗಳನ್ನು ಕಟುವಾಗಿ ಟೀಕಿಸಿದ್ದಾರೆ. ಆ ಟೀಕೆಯ ಒಂದೊಂದು ಅಂಶವೂ ಸರಿ. ಬಡದೇಶಗಳು 1967ರ ಸ್ಟಾಕ್‌ಹೋಮ್‌ನಲ್ಲಿ ಕೇಳಿದ್ದು ಬಹಳ, 1971ರಲ್ಲಿ ಸಿಕ್ಕಿದ್ದು ಕಾಯುವ ಅವಧಿಗಳ ಸರಮಾಲೆ. ಆದರೆ ಒಕೆಡಿಜಿ ಟೀಕಿಸಿದ್ದು ಅದನ್ನು ಸರಿಮಾಡಬೇಕೆಂಬ ಕಳಕಳಿಯಿಂದ. ನಮ್ಮವರು ಅದೇ ಟೀಕೆಯನ್ನು ಪಾಠದಿಂದ ಕೈಬಿಡಲು ನೆಪ ಮಾಡಿಕೊಂಡಿದ್ದಾರೆ. ಬಳಕೆಯಾಗಲಿಲ್ಲ, ಅದಕ್ಕೇ ಕಲಿಸುವುದಿಲ್ಲ. ಕಲಿಸುವುದಿಲ್ಲ, ಅದಕ್ಕೇ ಬಳಕೆಯಾಗುವುದಿಲ್ಲ. ಬಳಸಬೇಕಾದವರು ಅನುವಾದಕರು, ಕಾಲೇಜು ಅಧ್ಯಾಪಕರು, ಸಣ್ಣ ಪ್ರಕಾಶಕರು. ಇಂಥ ಕಲಂ ಇದೆ ಎಂಬ ಸುದ್ದಿಯೇ ಅವರಿಗೆ ಮುಟ್ಟಿಲ್ಲ.

ಮರಾಕೇಶ್ ಒಪ್ಪಂದವನ್ನು ನೋಡಿ. ಅಂಧರಿಗೆ ಓದಲು ಬರುವ ರೂಪದಲ್ಲಿ ಪುಸ್ತಕ ಮಾಡಲು ಅವಕಾಶ ಕೊಡುವ ಒಪ್ಪಂದ ಅದು. 2013ರಲ್ಲಿ ಅಂಗೀಕಾರವಾಯಿತು, ಮೊದಲು ಅನುಮೋದಿಸಿದ ದೇಶ ಭಾರತ, 2014ರ ಜೂನ್‌ನಲ್ಲಿ. ಅದಕ್ಕೂ ಮೊದಲೇ, 2012ರ ತಿದ್ದುಪಡಿಯಲ್ಲಿ, ನಮ್ಮ ಕಾಯ್ದೆಗೆ ಇದೇ ಬಗೆಯ ವಿನಾಯಿತಿ ಕೊಡುವ ಕಲಂ 52(1)(ಜಡ್‌ಬಿ) ಬಂದಿತ್ತು. ಆ ವಿನಾಯಿತಿ ಜೀವಂತವಾಗಿರಲು ಕಾರಣ, ಅದು ಬೇಕಾದವರೇ ಕಲಂಗಳನ್ನು ಓದಿ, ಸಂಘ ಕಟ್ಟಿ, ಜಿನೀವಾದ ತನಕ ಹೋಗಿ ಹಟ ಹಿಡಿದದ್ದು. ವಿನಾಯಿತಿಗಳು ತಾವಾಗಿ ಸಾಯುವುದಿಲ್ಲ, ತಾವಾಗಿ ಬದುಕುವುದೂ ಇಲ್ಲ. ಕನ್ನಡ ಅನುವಾದಕರಿಗೆ ಅಂಥ ಓದು ಯಾರೂ ಕೊಡಲಿಲ್ಲ ಎಂಬುದೇ ನನ್ನ ದೂರು.

ಇನ್ನೊಂದು ಬಗೆಯ ವಿಮರ್ಶಕರು ದೂರಶಿಕ್ಷಣವನ್ನೇ ತಳ್ಳಿಹಾಕುತ್ತಾರೆ. ಭಾರತೀಯ ವಕೀಲರ ಪರಿಷತ್ತು ದೂರಶಿಕ್ಷಣದ ಎಲ್‌ಎಲ್‌ಬಿಯನ್ನು ಒಪ್ಪುವುದಿಲ್ಲ, ಆದ್ದರಿಂದ ಮನೆಯಲ್ಲಿ ಕೂತು ಕಲಿತದ್ದು ಕಾನೂನಲ್ಲ ಎಂಬುದು ಅವರ ವಾದ. ವಕೀಲಿಕೆಗೆ ತರಗತಿ ಬೇಕು, ನಿಜ. ಆದರೆ ಕಾಪಿರೈಟ್ ಬರೀ ಕೋರ್ಟಿನ ಕಾನೂನಲ್ಲ. ಕರಾರು ಬರೆಯುವ ಮೇಜಿನ ಕಾನೂನು. ಗದಗಿನ ಮುದ್ರಣಾಲಯದಲ್ಲಿ, ಹುಬ್ಬಳ್ಳಿಯ ರೆಕಾರ್ಡಿಂಗ್ ಸ್ಟುಡಿಯೊದಲ್ಲಿ, ಧಾರವಾಡದ ಪ್ರಕಾಶನದ ಕಚೇರಿಯಲ್ಲಿ ಅದು ದಿನಾ ಜಾರಿಯಾಗುತ್ತದೆ, ಹೆಚ್ಚಾಗಿ ವಕೀಲರಿಲ್ಲದೆ. ವ್ಯಾಜ್ಯ ಬಂದಾಗಲೂ ಕಲಂ 62ರ ಪ್ರಕಾರ ಹಕ್ಕುದಾರ ತಾನು ವಾಸಿಸುವ, ವ್ಯವಹಾರ ಮಾಡುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಸಂಜಯ್ ದಾಲಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಅದಕ್ಕೆ ಹಾಕಿದ ಮಿತಿಯನ್ನೂ ತಿಳಿದಿರಬೇಕು. ಇವನ್ನು ಕೆಲಸದಲ್ಲಿರುವವರೇ ಕಲಿಯಬೇಕು. ಕೆಲಸ ಬಿಟ್ಟು ಕಲಿತವರಿಗೆ ಕರಾರಿನ ಮೇಜು ಮತ್ತೆ ಸಿಗುವ ಭರವಸೆಯಿಲ್ಲ. ಹಗಲು ಪ್ರೂಫ್ ತಿದ್ದಿ ರಾತ್ರಿ ಅನುಬಂಧ ಓದುವವರ ಪ್ರಶ್ನೆಗಳು ಪೂರ್ಣಾವಧಿ ವಿದ್ಯಾರ್ಥಿಗೆ ಹೊಳೆಯುವಂಥವಲ್ಲ: ಅನುವಾದಕರಿಗೆ ಒಂದೇ ಸಲ ದುಡ್ಡು ಕೊಟ್ಟು ಹಕ್ಕು ಬರೆಸಿಕೊಂಡ ಕರಾರಿನಲ್ಲಿ ಅವಧಿ ಬರೆದಿಲ್ಲವಾದರೆ ಏನು? ಕಲಂ 19 ಅದಕ್ಕೆ ಐದು ವರ್ಷ ಎನ್ನುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಹಕ್ಕು ಎಲ್ಲಿಯವರೆಗೆ? 2041ರ ಕೊನೆಯ ದಿನದವರೆಗೆ.

ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಿಂದ ಹುಬ್ಬಳ್ಳಿಯ ನವನಗರದಲ್ಲಿದೆ. ಚಿಗರಿ ಬಸ್ಸು ಅದೇ ದಾರಿಯಲ್ಲಿ ಓಡುತ್ತದೆ. ಕಾಪಿರೈಟ್‌ಎಕ್ಸ್‌ಗೆ ಬೇರೆ ದೇಶಗಳಲ್ಲಿ ಸಹಯೋಗಿ ಕೋರ್ಸುಗಳಿವೆ. ಅಲ್ಲಿನ ಅಧ್ಯಾಪಕರು ಫಿಶರ್ ಉಪನ್ಯಾಸಗಳ ಜೊತೆ ತಮ್ಮ ನಾಡಿನ ಕಾನೂನನ್ನೂ ಕಲಿಸುತ್ತಾರೆ. ಅಂಥದ್ದೊಂದು ಇಲ್ಲಿ ಬಂದರೆ ಫಿಶರ್ ಅವರ ವಿಡಿಯೊಗಳನ್ನು ಬಿಡಬೇಕಿಲ್ಲ. ಅವುಗಳ ನಡುವೆ ಜಕಾ ಪ್ರಕರಣ, 1914ರ 4ನೇ ಕಲಂ, ಮಾಲಿನಿ ಮಲ್ಯ ತೀರ್ಪು, ಕಲಂ 32 ಸೇರಿಸಿ, ಚರ್ಚೆಯನ್ನು ಕನ್ನಡದಲ್ಲಿ ನಡೆಸಿದರಾಯಿತು. ಪರೀಕ್ಷೆಗೆ ನಾನು ಕೊಡುವ ಮೊದಲ ಪ್ರಶ್ನೆ ಹೀಗಿರುತ್ತದೆ. ಲಂಡನ್ನಿನಲ್ಲಿ ಎರಡು ವರ್ಷದ ಹಿಂದೆ ಪ್ರಕಟವಾದ ನೀರಾವರಿ ಅರ್ಥಶಾಸ್ತ್ರದ ಪುಸ್ತಕವೊಂದನ್ನು ಧಾರವಾಡದ ಅಧ್ಯಾಪಕಿಯೊಬ್ಬರು ತಮ್ಮ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರಬೇಕೆಂದಿದ್ದಾರೆ. ಪ್ರಕಾಶಕರಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಅವರು ಎಂದಿನಿಂದ, ಯಾರ ಮುಂದೆ, ಏನೇನು ಲಗತ್ತಿಸಿ ಅರ್ಜಿ ಹಾಕಬಹುದು? ಪರವಾನಗಿ ಸಿಕ್ಕಿ ಪುಸ್ತಕ ಅಚ್ಚಾದ ಮೇಲೆ ಐವತ್ತು ಪ್ರತಿಗಳನ್ನು ಸೊಲ್ಲಾಪುರದ ಕನ್ನಡ ಶಾಲೆಗಳಿಗೂ ಐವತ್ತನ್ನು ದುಬೈಯ ಪುಸ್ತಕದಂಗಡಿಗೂ ಕಳಿಸಲು ಹೊರಟರೆ, ಅವರಿಗೆ ನೀವು ಕೊಡುವ ಲಿಖಿತ ಸಲಹೆ ಏನು?